ಅಕ್ಕನ ಮಗಳಿಗೆ ಮೂರು ವಯಸ್ಸು

ಪ್ರತಿ ವರ್ಷ ಜೂನ್ 1ಕ್ಕೆ ನನ್ನ ಫೋನು ಬೆಳಿಗ್ಗೆಯಿಂದಲೇ ಟಣ್ ಟಣ್ ಅನ್ನುತ್ತದೆ. ಆಫೀಸಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಕೇಕಿನ ಚಿತ್ರ, ಬ್ಯಾಂಕಿನಿಂದ ಶುಭಾಶಯ, ಎಂದೋ ಒಮ್ಮೆ ಅಂಗಿ ಕೊಂಡ ಅಂಗಡಿಯಿಂದ ಹತ್ತು ಪರ್ಸೆಂಟ್ ರಿಯಾಯಿತಿ. ಎಲ್ಲರಿಗೂ ಕೈ ಮುಗಿಯುವ ಎಮೋಜಿ ಹಾಕಿ ಸುಮ್ಮನಾಗ್ತೀನಿ. ನಾನು ಹುಟ್ಟಿದ್ದು ಅಂದಲ್ಲ. ಶ್ರಾವಣದಲ್ಲಿ, ನಾಗರಪಂಚಮಿಯ ಹಿಂದಿನ ದಿನ ಅಂತಾಳೆ ಅವ್ವ. ಅಪ್ಪನ ದಾಖಲೆಯಲ್ಲೂ ಜೂನ್ 1, ಕಾಕಾನದೂ ಜೂನ್ 1, ಅಕ್ಕನದೂ ಅದೇ. ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ ವಯಸ್ಸು ತುಂಬಿರಲಿ ಅಂತ ಹೆಡ್ ಮಾಸ್ತರರು ಬರೆದ ತಾರೀಖು ಅದು. ಬೀದರ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿಗೆ ಆ ತಾರೀಖೂ ಇರಲಿಲ್ಲ. "ರಜಾಕಾರರ ಗದ್ದಲದಾಗ ನಾ ಮೊಲಿ ಕುಡಿಯೂ ಕೂಸು" ಅನ್ನುತ್ತಿದ್ದಳು. ಹಾಗಂದರೆ 1947 ಅಥವಾ 48. ಅಪ್ಪ ಹುಟ್ಟಿದ್ದು ದೊಡ್ಡ ಬರಗಾಲದ ವರ್ಷ, ಅಂದರೆ 1972. ಇಷ್ಟು ಲೆಕ್ಕ ನಮ್ಮ ಮನೆಗೆ ಸಾಕಾಗುತ್ತಿತ್ತು. ನನಗೆ ಸಾಲದಾಗಿದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ.

ವೈದ್ಯಕೀಯ ಉಪಕರಣ ತಯಾರಿಸುವ ಒಂದು ಕಂಪನಿಯಲ್ಲಿ ನನ್ನ ಕೆಲಸ. ಮಷೀನ್ ಮಾಡುವವನಲ್ಲ, ಅದರ ಕಾಗದ ಪತ್ರ ಮಾಡುವವನು. ಯಾವ ದೇಶದಲ್ಲಿ ಮಾರಬೇಕೋ ಆ ದೇಶದ ನಿಯಮಕ್ಕೆ ತಕ್ಕಂತೆ ಫೈಲು ಕಟ್ಟಿ ಅನುಮತಿ ಕೇಳುವ ವಿಭಾಗ. ಔರಾದ್ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದ ಅಕ್ಕ ತನ್ನ ಓಣಿಯವರಿಗೆ ಇದನ್ನು ಸರಳ ಮಾಡಿ ಹೇಳಿದ್ದಾಳೆ: "ನಮ್ಮ ತಮ್ಮ ಮಷೀನಿಗಿ ಪಾಸ್‌ಪೋರ್ಟ್ ಮಾಡಸ್ತಾನ." ನನ್ನ ಮ್ಯಾನೇಜರ್ ಕೂಡ ಇಷ್ಟು ಚೆನ್ನಾಗಿ ಹೇಳಿಲ್ಲ.

ಆ ಫೈಲಿನಲ್ಲಿ ಒಂದು ಕಾಲಂ ಇರುತ್ತದೆ: ಈ ಉಪಕರಣ ಯಾರಿಗೆ, ಯಾವ ವಯಸ್ಸಿನವರಿಗೆ? ಮೊದಲ ತಿಂಗಳಲ್ಲೇ ನಾನು ಅಲ್ಲಿ ಎಡವಿದೆ. ಅಮೆರಿಕದ ಫೈಲೊಂದರಲ್ಲಿ 'ಮಕ್ಕಳು' ಅಂದರೆ 18ರ ಒಳಗಿನವರು ಅಂತ ಬರೆದುಕೊಟ್ಟೆ. ಸೀನಿಯರ್ ಒಬ್ಬರು ಕೆಂಪು ಗೆರೆ ಎಳೆದು 21 ಅಂತ ತಿದ್ದಿದರು. ನಾನು ತಮಾಷೆ ಅಂದುಕೊಂಡೆ. ಅಲ್ಲ. ಅಮೆರಿಕದ ಎಫ್‌ಡಿಎ ವೈದ್ಯಕೀಯ ಉಪಕರಣಗಳ ಮಟ್ಟಿಗೆ ಮಕ್ಕಳು ಅನ್ನುವುದು ಹುಟ್ಟಿದ ದಿನದಿಂದ 22ನೇ ಹುಟ್ಟುಹಬ್ಬದ ಹಿಂದಿನ ದಿನದವರೆಗೆ. ಮೊದಲ 28 ದಿನ ನವಜಾತ, ಅಲ್ಲಿಂದ 2 ವರ್ಷದೊಳಗೆ ಶಿಶು, 2ರಿಂದ 12ರೊಳಗೆ ಮಗು, 12ರಿಂದ 21ರ ತನಕ ಹದಿಹರೆಯ. ಔಷಧಿಯ ವಿಷಯಕ್ಕೆ ಬಂದರೆ ಲೆಕ್ಕ ಬೇರೆ, ದೇಶ ನೋಡಿಕೊಂಡು 16 ಅಥವಾ 18ಕ್ಕೆ ಬಾಲ್ಯ ಮುಗಿಯುತ್ತದೆ. ಒಂದೇ ಹುಡುಗ ಮಾತ್ರೆ ನುಂಗುವಾಗ ದೊಡ್ಡವನು, ಅದೇ ವಾರ ಎದೆಯೊಳಗೆ ಉಪಕರಣ ಹಾಕಿಸಿಕೊಳ್ಳುವಾಗ ಚಿಕ್ಕವನು.

ಅಂದು ರಾತ್ರಿ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಮೊದಲ ಮಗಳನ್ನು ಹೆತ್ತಾಗ ಅವಳಿಗೆ 20. "ಅಂದ್ರ ಆ ದಿನ ನಾನೂ ಕೂಸೇ, ನನ್ನ ಹೊಟ್ಟ್ಯಾಗಿಂದೂ ಕೂಸೇ?" ಅಂತ ನಕ್ಕಳು. ಆ ಲೆಕ್ಕದಲ್ಲಿ ಹೌದು.

ನಗುವ ವಿಷಯ ಇಷ್ಟಕ್ಕೇ ಮುಗಿಯಿತು. ಯಾಕೆಂದರೆ ಆಗ ಅಕ್ಕನ ಮಗಳಿಗೆ ನಾಲ್ಕು ವರ್ಷ ತುಂಬುತ್ತ ಬಂದಿತ್ತು, ಮಾತು ಬಂದಿರಲಿಲ್ಲ.

ಅವಳು ಹುಟ್ಟಿದ್ದು ಭಾಲ್ಕಿಯಲ್ಲಿ, 2019ರ ಸಂಕ್ರಾಂತಿ ಆಗಿ ಎಂಟನೇ ದಿನ. ಅಕ್ಕ ಮಾವಶಿ ಮನೆಗೆ ಬಂದಿದ್ದಳು, ದಿನ ಇನ್ನೂ ಇದ್ದವು, ರಾತ್ರಿ ನೋವು ಶುರುವಾಗಿ ಅಲ್ಲೇ ಒಂದು ಸಣ್ಣ ದವಾಖಾನೆಯಲ್ಲಿ ಹೆರಿಗೆಯಾಯಿತು. ವರ್ಷ ತುಂಬುವಷ್ಟರಲ್ಲಿ ಕೊರೊನಾ ಬಂತು. ಎಲ್ಲರ ಮುಖಕ್ಕೂ ಮಾಸ್ಕು, ಎಲ್ಲರೂ ಮನೆಯೊಳಗೆ, ಯಾರ ಗಮನಕ್ಕೂ ಬರಲಿಲ್ಲ. ಎರಡಾದಾಗ ಅವಳ ಅಜ್ಜಿ, ಅಂದರೆ ಅಕ್ಕನ ಅತ್ತೆ, "ಅವರಪ್ಪಂದೂ ಮಾತು ತಡಾನೇ ಬಂದಾವ" ಅಂದರು. ಹಿಂದೆ ನಿಂತು ತಾಟು ಬಡಿದರೆ ತಿರುಗಿ ನೋಡುತ್ತಿದ್ದಳು. ಈಗ ಗೊತ್ತು: ಅದು ಸದ್ದಿಗಲ್ಲ, ನೆಲದ ಅದುರಿಗೆ, ಗೋಡೆ ಮೇಲಿನ ನೆರಳಿಗೆ.

2022ರ ಜೂನ್‌ನಲ್ಲಿ ಮನೆಯವರೆಲ್ಲ ಸೇರಿ ಒಂದು ಉಪಾಯ ಮಾಡಿದರು. "ಶಾಲಿಗಿ ಹಾಕಿದ್ರ ನಾಕು ಹುಡುಗ್ರ ಕೂಡ ಮಾತು ಕಲೀತಾಳ." ಔರಾದ್‌ನ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿಗೆ ನಾಲ್ಕು ತುಂಬಿರಬೇಕು ಅಂದರು. ಇವಳಿಗೆ ಮೂರು ವರ್ಷ ನಾಲ್ಕು ತಿಂಗಳು. ಭಾಲ್ಕಿಯ ಜನನ ಪತ್ರ ಎಲ್ಲಿದೆಯೋ ಯಾರಿಗೂ ನೆನಪಿಲ್ಲ. ನಾನು ಕೊನೆಯ ಸೆಮಿಸ್ಟರ್ ಮುಗಿಸಿ ಬೀದರಿನಲ್ಲಿ ಮನೆಯಲ್ಲಿದ್ದೆ, ಅಡ್ಮಿಶನ್‌ಗೆ ಅಕ್ಕನ ಜೊತೆ ಹೋದೆ. ಫಾರ್ಮ್ ತುಂಬಿದವನು ನಾನೇ. ಹುಟ್ಟಿದ ದಿನಾಂಕದ ಜಾಗದಲ್ಲಿ 01-06-2018 ಅಂತ ಬರೆದೆ. ಕೈ ನಡುಗಲಿಲ್ಲ, ನಮ್ಮ ಮನೆತನದ ಹುಟ್ಟುಹಬ್ಬ ಅಲ್ಲವೇ. ಶಾಲೆ ಕೊಟ್ಟ ಕಾಗದ ಹಿಡಿದು ಮುಂದೆ ಆಧಾರ್ ಆಯಿತು. ಸುಮಾರು ಎಂಟು ತಿಂಗಳು ಅವಳ ಆಯುಷ್ಯಕ್ಕೆ ಮುಂಗಡವಾಗಿ ಸೇರಿಕೊಂಡವು.

ಶಾಲೆಯಲ್ಲಿ ಮಾತು ಬರಲಿಲ್ಲ. "ತುಂಟಿ, ಹೇಳಿದ್ದು ಕೇಳಂಗಿಲ್ಲ" ಅನ್ನುವ ದೂರು ಬಂತು. ನಿಜ, ಕೇಳುತ್ತಿರಲಿಲ್ಲ.

2023ರ ದೀಪಾವಳಿ ಆದಮೇಲೆ ಅಕ್ಕ ತನ್ನ ಚಿಕ್ಕ ಮಗನನ್ನು ಎತ್ತಿಕೊಂಡು ಊರ ಅಂಗನವಾಡಿಗೆ ಹೋಗಿದ್ದಳು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಿತ್ತು. 2013ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18ರವರೆಗೆ ಎಲ್ಲರೂ ಮಕ್ಕಳೇ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ನೋಡುತ್ತಾರೆ. ಅವರು ನೋಡಬೇಕಾಗಿದ್ದು ಚಿಕ್ಕವನನ್ನು. ಸೆರಗು ಹಿಡಿದು ನಿಂತ ದೊಡ್ಡವಳ ಹಿಂದೆ ಹೋಗಿ ಡಾಕ್ಟರಮ್ಮ ಚಪ್ಪಾಳೆ ಹೊಡೆದರು, ನೆರಳು ಬೀಳದ ಹಾಗೆ, ನೆಲ ತಾಗದ ಹಾಗೆ. ಅವಳು ತಿರುಗಲಿಲ್ಲ. ಬೀದರಿಗೆ ಕಳಿಸಿದರು. ಬೇರಾ ಟೆಸ್ಟಿಗೆ ಮಗು ನಿದ್ದೆಯಲ್ಲಿರಬೇಕು. ಮೊದಲ ಸಲ ನಿದ್ದೆಯೇ ಮಾಡಲಿಲ್ಲ, ಔರಾದ್‌ನಿಂದ ಮತ್ತೆ ಸುಮಾರು 40 ಕಿಲೋಮೀಟರ್ ಬಸ್ಸು. ಎರಡನೇ ಸಲಕ್ಕೆ ಗೊತ್ತಾಯಿತು: ಎರಡೂ ಕಿವಿ, ಹುಟ್ಟಿನಿಂದ, ತೀವ್ರ.

ಅಲ್ಲಿಂದ ಮುಂದೆ ನಾನು ಆಫೀಸಿನಲ್ಲಿ ಓದುತ್ತಿದ್ದುದು, ಮನೆಯಲ್ಲಿ ನಡೆಯುತ್ತಿದ್ದುದು ಒಂದೇ ಆಯಿತು.

ಮೊದಲು ಹಿಯರಿಂಗ್ ಏಡ್. ಕೆಲವು ತಿಂಗಳು ಅದನ್ನು ಹಾಕಿ ನೋಡಲೇಬೇಕು, ಅದರಿಂದ ಆಗದಿದ್ದರೆ ಮಾತ್ರ ಕಾಕ್ಲಿಯರ್ ಇಂಪ್ಲಾಂಟ್. ಭಾಲ್ಕಿಯ ಮಾವಶಿಯ ಮಗ ತಕ್ಷಣ ಫೋನ್ ತೆರೆದು ತೋರಿಸಿದ: "ನೋಡು, ಆನ್‌ಲೈನ್‌ನಾಗ ಎರಡು ಸಾವಿರಕ್ಕ ಸಿಗ್ಲಾಕತ್ತದ." ಅವನ ಮೇಲೆ ನಾನು ಸ್ವಲ್ಪ ಹೆಚ್ಚೇ ಸಿಟ್ಟು ಮಾಡಿದೆ. ಅಮೆರಿಕದಲ್ಲಿ 2022ರ ಅಕ್ಟೋಬರಿನಿಂದ ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಲ್ಲೇ ಹಿಯರಿಂಗ್ ಏಡ್ ಕೊಳ್ಳಬಹುದು, ಆದರೆ 18 ದಾಟಿದವರಿಗೆ ಮಾತ್ರ, ಅದೂ ಕಡಿಮೆಯಿಂದ ಮಧ್ಯಮ ಮಟ್ಟದ ತೊಂದರೆಗೆ. ಉಪಕರಣದ ಮಟ್ಟಿಗೆ 21ರ ತನಕ ಮಕ್ಕಳು ಅನ್ನುವ ಅದೇ ಎಫ್‌ಡಿಎ ಇಲ್ಲಿ 18ಕ್ಕೆ ಗೆರೆ ಎಳೆದಿದೆ. ಗೆರೆ ಎಲ್ಲಿದೆ ಅನ್ನುವುದಕ್ಕಿಂತ, ಗೆರೆ ಇದೆ ಅನ್ನುವುದೇ ಅಂದು ನನಗೆ ಮುಖ್ಯವಾಯಿತು. ಮಗುವಿನ ಕಿವಿಗೆ ಎಷ್ಟು ಸದ್ದು ಕೊಡಬೇಕು ಅನ್ನುವುದನ್ನು ಅಳತೆ ಮಾಡಿ ಕೂರಿಸಬೇಕು, ಇಲ್ಲದಿದ್ದರೆ ಉಳಿದ ಚೂರುಪಾರು ಕೇಳುವ ಶಕ್ತಿಯೂ ಹಾಳಾಗಬಹುದು. ಒಳಗಿನ ಗುಂಡು ಬ್ಯಾಟರಿಯನ್ನು ಮಗು ತೆಗೆದು ನುಂಗಿದರೆ ಜೀವಕ್ಕೇ ಅಪಾಯ. ಹಾಗಾಗಿ ಚಿಕ್ಕ ಮಕ್ಕಳ ಏಡ್‌ಗಳಿಗೆ ಬ್ಯಾಟರಿ ಬಾಗಿಲು ಸುಲಭಕ್ಕೆ ತೆರೆಯದ ಹಾಗೆ ಇರಬೇಕು.

ಇನ್ನೊಂದು ಫಜೀತಿ ನಮಗೆ ಗೊತ್ತೇ ಇರಲಿಲ್ಲ. ಕಿವಿಯ ರಂಧ್ರ ಬೆಳೆಯುತ್ತದೆ. ಹಿಯರಿಂಗ್ ಏಡ್ ಕೂರಿಸುವ ಮೆತ್ತನೆಯ ಅಚ್ಚು ಇವತ್ತು ಸರಿಯಾಗಿದ್ದರೆ ಕೆಲವು ತಿಂಗಳಿಗೆ ಸಡಿಲ. ಸಡಿಲಾದರೆ ಸದ್ದು ಹೊರಗೆ ಸೋರಿ ಮತ್ತೆ ಒಳಗೆ ಹೋಗಿ ಸೀಂಯ್ ಅನ್ನುತ್ತದೆ. ಊಟಕ್ಕೆ ಕೂತಾಗ ಅವಳ ಕಿವಿಯಿಂದ ಆ ಸೀಟಿ ಬರುತ್ತಿತ್ತು. ಮನೆಮಂದಿಗೆಲ್ಲ ಕೇಳುತ್ತಿತ್ತು, ಅವಳೊಬ್ಬಳಿಗೆ ಬಿಟ್ಟು.

ಕಾಕ್ಲಿಯಾ ಇದಕ್ಕೆ ಪೂರ್ತಿ ತಿರುಗುಮುರುಗು. ಬಸವನಹುಳದ ಚಿಪ್ಪಿನಂಥ ಆ ಒಳಗಿವಿ ಹುಟ್ಟುವಾಗಲೇ ದೊಡ್ಡವರಷ್ಟು ದೊಡ್ಡದಿರುತ್ತದೆ, ಆಮೇಲೆ ಬೆಳೆಯುವುದೇ ಇಲ್ಲ. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿ ಕೂತೆ. ತಲೆಬುರುಡೆ ಬೆಳೆಯುತ್ತದೆ ಅಂತ ವೈರನ್ನು ಸ್ವಲ್ಪ ಸಡಿಲ ಬಿಟ್ಟು ಸುತ್ತಿಡುತ್ತಾರೆ. ಒಳಗಿನ ಭಾಗಕ್ಕೆ ಮಾತ್ರ ಒಂದು ವರ್ಷದ ಮಗುವೂ ಅರವತ್ತರ ಅಜ್ಜನೂ ಒಂದೇ. ಹಾಗಿದ್ದರೂ ಅನುಮತಿ ಬಂದದ್ದು ದೊಡ್ಡವರಿಂದ ಶುರುವಾಗಿ ಮೆಲ್ಲಗೆ ಕೆಳಗಿಳಿದು: ಈಗ ಬಳಸುವಂಥ ಹಲವು ತಂತಿಗಳ ಇಂಪ್ಲಾಂಟ್‌ಗೆ ಎಫ್‌ಡಿಎ 1985ರಲ್ಲಿ ದೊಡ್ಡವರಿಗೆ ಒಪ್ಪಿಗೆ ಕೊಟ್ಟಿತು, 1990ರಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ, 2000ದಲ್ಲಿ 12 ತಿಂಗಳಿಗೆ, 2020ರಲ್ಲಿ 9 ತಿಂಗಳಿಗೆ. ಪ್ರತಿ ಸಲ ಯಾರೋ ಮಕ್ಕಳಲ್ಲಿ ಹಾಕಿ, ವರ್ಷಗಟ್ಟಲೆ ಕಾದು, ಅಪಾಯ ಎಷ್ಟು ಲಾಭ ಎಷ್ಟು ಅಂತ ಫೈಲು ಕಟ್ಟಿದ ಮೇಲೆ ಗೆರೆ ಕೆಳಗೆ ಸರಿದಿದೆ. ಮಕ್ಕಳ ಉಪಕರಣಕ್ಕೆ ಮಾರುಕಟ್ಟೆ ಚಿಕ್ಕದು, ಕಂಪನಿಗಳಿಗೆ ಉತ್ಸಾಹವೂ ಚಿಕ್ಕದು. ಹೀಗಾಗಿಯೇ ಅಮೆರಿಕ 2007ರಲ್ಲಿ ಮಕ್ಕಳ ಉಪಕರಣಗಳಿಗೆಂದೇ ಕಾನೂನು ತಂದಿತು, ಅಪರೂಪದ ಕಾಯಿಲೆಯ ಮಕ್ಕಳಿಗೆ ಉಪಕರಣ ಮಾಡಿದವರು ಲಾಭ ಇಟ್ಟು ಮಾರಬಹುದು ಅಂತ ಅವಕಾಶ ಕೊಟ್ಟಿತು. ಕಂಪನಿ ಕೆಲಸದವನಾಗಿ ಹೇಳ್ತೀನಿ, ಅದು ಸರಿಯಾಗೇ ಇದೆ.

ನಮ್ಮ ದೇಶದ 2017ರ ವೈದ್ಯಕೀಯ ಉಪಕರಣಗಳ ನಿಯಮಗಳು ಉಪಕರಣವನ್ನು ಎ, ಬಿ, ಸಿ, ಡಿ ಅಂತ ಅಪಾಯದ ಮೇಲೆ ವಿಂಗಡಿಸುತ್ತವೆ. ನಾಲಿಗೆ ಒತ್ತಿ ನೋಡುವ ಕಡ್ಡಿ ಎ, ಹೃದಯದ ಕವಾಟ ಡಿ. ವಯಸ್ಸಿನ ಗೆರೆ ನಮಗೆ ಎದುರಾಗುವುದು ಬೇರೆ ಕಡೆ, ಯೋಜನೆಯ ಅರ್ಜಿಯಲ್ಲಿ. ಲಕ್ಷಗಟ್ಟಲೆ ಬೆಲೆಯ ಇಂಪ್ಲಾಂಟನ್ನು ಔರಾದ್‌ನ ಸಣ್ಣ ರೈತ ಕೊಳ್ಳುವ ಮಾತೇ ಇಲ್ಲ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಹುಟ್ಟಿನಿಂದ ಕೇಳದ ಮಕ್ಕಳಿಗೆ ಐದು ವರ್ಷದ ಗಡಿ. ರಾಜ್ಯದ ಶ್ರವಣ ಸಂಜೀವಿನಿಯಲ್ಲಿ ಆರು. ಹಿಯರಿಂಗ್ ಏಡ್ ಹಾಕಿ ನೋಡುವಷ್ಟರಲ್ಲಿ ಮೊದಲನೆಯದು ದಾಟಿಹೋಯಿತು, ನಿಜವಾಗಿಯೇ. 2024ರ ಜೂನ್‌ನಲ್ಲಿ ಎರಡನೆಯದಕ್ಕೆ ಕಾಗದ ಜೋಡಿಸಿಕೊಂಡು ಹೋದರೆ ಕೌಂಟರಿನವರು ಆಧಾರ್ ನೋಡಿ, "ಆರು ತುಂಬ್ಯಾವಲ್ರೀ" ಅಂದರು. ಒರಟಾಗಿ ಹೇಳಲಿಲ್ಲ, ಪಾಪ. ಅವರ ಮುಂದಿದ್ದ ಕಾಗದ ಹಾಗೆ ಹೇಳುತ್ತಿತ್ತು. ಅವಳಿಗೆ ಅಂದು ಐದು ವರ್ಷ ನಾಲ್ಕು ತಿಂಗಳು.

ಅಕ್ಕ ಫೋನಿನಲ್ಲಿ ಅಳಲಿಲ್ಲ. "ನೀನೇ ಬರದಿದ್ದಿ ಅಲ್ಲ ಆ ತಾರೀಖು?" ಅಂತ ಕೇಳಿದಳು, ಬೈಯುವ ದನಿಯಲ್ಲಲ್ಲ, ನೆನಪು ಮಾಡಿಕೊಳ್ಳುವವರ ಹಾಗೆ. ಮಾತು ಬರಲಿ ಅಂತ ಸೇರಿಸಿದ ಎಂಟು ತಿಂಗಳು ಈಗ ಮಾತಿನ ದಾರಿಗೇ ಅಡ್ಡ ಕೂತಿದ್ದವು.

ರಜೆ ಹಾಕಿ ಊರಿಗೆ ಹೋದೆ. ಭಾಲ್ಕಿಯಲ್ಲಿ ಮಾವಶಿ ಮನೆಯ ಪತ್ರಾಸಿನ ಪೆಟ್ಟಿಗೆಯಲ್ಲಿ, ಅವರ ಮದುವೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಜನನ ಪತ್ರ ಸಿಕ್ಕಿತು. 22-01-2019. ಮಗುವಿನ ಹೆಸರಿನ ಜಾಗ ಖಾಲಿ, ಅಪ್ಪನ ಹೆಸರಿನ ಅಕ್ಷರ ಮರಾಠಿ ವಳಣದಲ್ಲಿ ಬೇರೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು ಅನ್ನುವ 1969ರ ಕಾನೂನನ್ನು ಆ ಸಣ್ಣ ದವಾಖಾನೆಯವರು ಪಾಲಿಸಿದ್ದರು, ಅವರಿಗೆ ಪುಣ್ಯ ಬರಲಿ. ಹೆಸರು ಸೇರಿಸಲು, ಅಪ್ಪನ ಹೆಸರು ತಿದ್ದಲು, ಶಾಲೆಯಿಂದ ಪತ್ರ ತರಲು, ಆಧಾರ್ ಬದಲಿಸಲು ಭಾಲ್ಕಿ, ಔರಾದ್, ಬೀದರ್ ಅಂತ ಓಡಾಡಿದೆವು. ಔರಾದ್‌ಗೆ ರೈಲಿಲ್ಲ, ಎಲ್ಲ ಬಸ್ಸು. ಆಧಾರ್‌ನಲ್ಲಿ ಹುಟ್ಟಿದ ತಾರೀಖು ತಿದ್ದಲು ಒಂದೇ ಸಲ ಅವಕಾಶ, ಹಾಗಾಗಿ ಅರ್ಜಿ ಕೊಡುವ ಮುಂಚೆ ನಾನು ಆ ಅಂಕಿಗಳನ್ನು ಹತ್ತು ಸಲ ಓದಿದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೂ ಆಧಾರ್‌ಗೂ ಜನನ ಪತ್ರವೇ ಆಧಾರ ಅಂತ ಕಾನೂನು ಬದಲಾಗಿದೆ. ಅಂದರೆ ಜೂನ್ ಒಂದರ ನಮ್ಮ ದೊಡ್ಡ ಕುಟುಂಬಕ್ಕೆ ಇನ್ನು ಹೊಸ ಸದಸ್ಯರು ಸೇರಲಾರರು.

ಆ ದಿನಗಳಲ್ಲಿ ಸಿಟ್ಟು ಬಂದಾಗಲೆಲ್ಲ, ದೇಹಕ್ಕೇನು ತಾರೀಖು ಗೊತ್ತೇ, ವಯಸ್ಸಿನ ಗೆರೆಯೇ ಮೂರ್ಖತನ ಅಂತ ಅನ್ನಿಸುತ್ತಿತ್ತು. ಎಫ್‌ಡಿಎ ಮಾರ್ಗಸೂಚಿಯೇ ಒಪ್ಪುತ್ತದೆ: ಈ ವಯಸ್ಸಿನ ಗುಂಪುಗಳು ಒಂದು ಅಂದಾಜು ಮಾತ್ರ, ಎಷ್ಟೋ ಸಲ ತೂಕ, ಮೈಯ ಅಳತೆ, ನರಗಳ ಬೆಳವಣಿಗೆಯೇ ಹೆಚ್ಚು ಸರಿಯಾದ ಗುರುತು. ಬಿಪಿ ನೋಡುವ ಪಟ್ಟಿಯನ್ನೇ ತಗೊಳ್ಳಿ. ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇಕಡ 40ರಷ್ಟಾದರೂ ಇರಬೇಕು ಅನ್ನುವುದು ಲೆಕ್ಕ. ಪಟ್ಟಿ ದೊಡ್ಡದಾದರೆ ಬಿಪಿ ಕಡಿಮೆ ತೋರಿಸುತ್ತದೆ, ಚಿಕ್ಕದಾದರೆ ಹೆಚ್ಚು. ಪಿಯುಸಿಯಲ್ಲಿ ನಾನು ಕಡ್ಡಿಯಂತಿದ್ದೆ. ಒಂದು ಕ್ಯಾಂಪಿನಲ್ಲಿ ದೊಡ್ಡವರ ಪಟ್ಟಿ ನನ್ನ ತೋಳಿಗೆ ಎರಡು ಸುತ್ತು ಸುತ್ತಿ ಬಿಪಿ ಲೋ ಅಂದರು, ಅವ್ವ ಒಂದು ತಿಂಗಳು ದಿನಾ ಉಪ್ಪು ನಿಂಬೆ ಶರಬತ್ತು ಕುಡಿಸಿದಳು. ಅಲ್ಲಿ ಕೇಳಬೇಕಾಗಿದ್ದು ವಯಸ್ಸಲ್ಲ, ತೋಳು.

ಆದರೆ ಕಿವಿಯ ವಿಷಯದಲ್ಲಿ ಈ ವಾದ ನಿಲ್ಲಲಿಲ್ಲ. ಬೀದರಿನಲ್ಲಿ ಅವಳನ್ನು ನೋಡುತ್ತಿದ್ದ ಆಡಿಯಾಲಜಿಸ್ಟ್ ಮೇಡಂ ಮುಂದೆ ಇದನ್ನೇ ಜೋರಾಗಿ ಹೇಳಿದೆ. ಅವರು ಕೇಳಿಸಿಕೊಂಡು ಮೆಲ್ಲಗೆ ಅಂದರು: "ನೋಡ್ರಿ, ಇಲ್ಲಿ ತಾರೀಖು ಖರೇನೇ ಬೇಕು. ಮಿದುಳು ಮಾತು ಕಲಿಯೂ ಹೊತ್ತು ಒಂದು ಇರ್ತದ, ಅದು ದಿನಾ ಸಣ್ಣಗಾಗ್ತಾ ಹೋಗ್ತದ. ನೀವು ಎರಡು ವರ್ಷದಾಗ ಬಂದಿದ್ರ ನಾ ಬ್ಯಾರೆ ಮಾತು ಹೇಳ್ತಿದ್ದೆ." ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವುದು ಜಗತ್ತಿನ ತಜ್ಞರು ಇಟ್ಟುಕೊಂಡ ಗುರಿ. ನಾವು ಅದರ ಮುಂದೆ ನಾಲ್ಕೂವರೆ ವರ್ಷ ತಡ. ಫಾರ್ಮಿನಲ್ಲಿ ನಾನು ಸೇರಿಸಿದ್ದು ಎಂಟು ತಿಂಗಳು. ಉಳಿದದ್ದನ್ನು ತಾಟು ಬಡಿಯುತ್ತ ನಾವೆಲ್ಲ ಸೇರಿಯೇ ಕಳೆದೆವು. ಆ ಕೋಣೆಯಿಂದ ಹೊರಗೆ ಬಂದು ಚೌಬಾರದ ತನಕ ಸುಮ್ಮನೆ ನಡೆದೆ, ಗೋಪುರದ ಸುತ್ತ ಎರಡು ಸುತ್ತು ಹಾಕಿದ್ದು ಗೊತ್ತೇ ಆಗಲಿಲ್ಲ.

ಕಾಗದ ಸರಿಯಾಗಲು ಅಕ್ಟೋಬರ್ ಆಯಿತು. ಆಪರೇಶನ್ 2024ರ ಡಿಸೆಂಬರಿನಲ್ಲಿ, ಆರು ತುಂಬಲು ಆರು ವಾರ ಇರುವಾಗ. ಹೊರಗಿನ ಯಂತ್ರ ಕೂರಿಸಿ ಚಾಲೂ ಮಾಡಿದ್ದು ಸಂಕ್ರಾಂತಿಯ ಹಿಂದಿನ ವಾರ. ಯೂಟ್ಯೂಬಿನಲ್ಲಿ ನೋಡುವ ಹಾಗೆ ಅವಳೇನೂ ನಗಲಿಲ್ಲ. ಬೆಚ್ಚಿ ಜೋರಾಗಿ ಅತ್ತು ಯಂತ್ರ ಕಿತ್ತು ಬಿಸಾಡಿದಳು. ಮೇಡಂ ಅದನ್ನು ಎತ್ತಿ ಒರೆಸಿ ಫೈಲಿನಲ್ಲಿ ಅಂದಿನ ತಾರೀಖು ಬರೆದರು. ಇನ್ನು ಮೇಲೆ ನಾವು ಲೆಕ್ಕ ಹಿಡಿಯುವುದು ಈ ದಿನದಿಂದ ಅಂದರು. ಕೇಳುವ ವಯಸ್ಸು ಅಂತ ಅದಕ್ಕೆ ಹೆಸರು. ಆರು ವರ್ಷದ ಹುಡುಗಿಯ ಕಿವಿಗೆ ಅಂದು ಒಂದು ದಿನ. ಆರು ವರ್ಷದವರಂತೆ ಮಾತಾಡಲಿ ಅಂತ ಆಸೆ ಪಡಬೇಡಿ, ಒಂದು ದಿನದ ಕೂಸಿನ ಜೊತೆ ಹೇಗಿರುತ್ತೀರೋ ಹಾಗಿರಿ ಅಂದರು. ಅಕ್ಕ ಲಾಲಿ ಹಾಡುವುದನ್ನು ಮತ್ತೆ ಶುರು ಮಾಡಿದಳು.

ವಾರಕ್ಕೊಮ್ಮೆ ಥೆರಪಿಗೆ ಔರಾದ್‌ನಿಂದ ಬೀದರ್. ಅಲ್ಲಿ ಮೊದಲ ಪ್ರಶ್ನೆ: ಮನೆಯಲ್ಲಿ ಯಾವ ಭಾಷೆ? ಇವರು ಮುಖ ಮುಖ ನೋಡಿಕೊಂಡರು. ಅಕ್ಕ ಕನ್ನಡ, ಅತ್ತೆ ಮರಾಠಿ, ಭಾವ ಇಬ್ಬರ ಜೊತೆ ಎರಡೂ, ಪಕ್ಕದ ಮನೆಯವರ ಜೊತೆ ಉರ್ದು. ಹೆಚ್ಚು ಹೊತ್ತು ಮಗುವಿನ ಜೊತೆ ಯಾರಿರುತ್ತಾರೋ ಅವರ ಭಾಷೆಯಲ್ಲೇ ಮಾತಾಡಿ ಅಂದಾಗ ಅತ್ತೆ ಸೊಸೆ ನಡುವೆ ಎರಡು ವಾರ ಸಣ್ಣ ಯುದ್ಧ. ಕೊನೆಗೆ ಮಗುವೇ ತೀರ್ಮಾನ ಮಾಡಿತು. ಮೊದಲು ಹೇಳಿದ್ದು 'ಆಯೀ', ಅಜ್ಜಿಗೆ. ಅಕ್ಕ ಒಂದು ದಿನ ಮುನಿಸಿಕೊಂಡಿದ್ದಳು.

ಮೊನ್ನೆ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಶಾಲೆಯ ಹಳೆಯ ರಿಜಿಸ್ಟರ್ ಪ್ರಕಾರ ಅವಳಿಗೆ ಏಳೂವರೆ ದಾಟಿದೆ, ಭಾಲ್ಕಿಯ ಜನನ ಪತ್ರದಂತೆ ಏಳು ತುಂಬುತ್ತಿದೆ, ಮೇಡಂ ಫೈಲಿನಲ್ಲಿ ಒಂದು. ಇಪ್ಪತ್ತು ಮೂವತ್ತು ಪದ ಬರುತ್ತವೆ. ಅರ್ಧ ನಮಗಷ್ಟೇ ತಿಳಿಯುವಂಥವು. ಒಂದು ವರ್ಷದ ಕಿವಿಗೆ ಅದು ಪರವಾಗಿಲ್ಲ ಅಂತ ಮೇಡಂ ಹೇಳಿದ್ದಾರೆ, ಮುಂದಿನದಕ್ಕೆ ಭರವಸೆ ಕೊಟ್ಟಿಲ್ಲ.

ಥೆರಪಿ ದಿನ ನಾನೂ ಜೊತೆಗೆ ಹೋದೆ. ಔರಾದ್ ನಿಲ್ದಾಣದಲ್ಲಿ ಬಸ್ಸು ತುಂಬಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕಂಡಕ್ಟರುಗಳು ಹುಡುಗಿಯರಿಗೆ ಎಷ್ಟು ವಯಸ್ಸು, ಫುಲ್ಲೋ ಹಾಫೋ ಅಂತ ಜಗಳ ಮಾಡುವುದು ನಿಂತಿದೆ. ಅಕ್ಕನಿಗೊಂದು, ಅವಳಿಗೊಂದು ಶೂನ್ಯದ ಟಿಕೆಟ್ ಹರಿದುಕೊಟ್ಟು, ನನ್ನಿಂದ ದುಡ್ಡು ತಗೊಂಡು, ಬಾಗಿಲಿಗೆ ಹೋಗಿ ಸೀಟಿ ಊದಿದರು. ಅವಳು ಕಿಟಕಿಯಿಂದ ತಟ್ಟನೆ ಈ ಕಡೆ ತಿರುಗಿದಳು. ಕಿವಿ ಹಿಂದಿನ ಯಂತ್ರವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಕಂಡಕ್ಟರ್ ಕಡೆ ಬೆರಳು ಮಾಡಿ, "ಚೀಟಿ" ಅಂದಳು.

"ಸೀಟಿ" ಅಂದಳು ಅಕ್ಕ.

"ಚೀಟಿ" ಅಂದಳು ಮತ್ತೆ, ಇನ್ನೂ ಜೋರಾಗಿ. ಕಂಡಕ್ಟರ್ ಟಿಕೆಟ್ ಕೇಳುತ್ತಿದ್ದಾಳೆ ಅಂದುಕೊಂಡು, "ಕೊಟ್ಟೀನಲ್ಲವ್ವಾ ನಿಂಗ" ಅಂತ ನಕ್ಕು ಮುಂದಿನ ಸೀಟಿಗೆ ಹೋದರು.